ಓದಿದವರು ಬರೆಯಬಾರದು, ಬರೆಯುವವರು ಓದಬಾರದು

2000ದ ದಶಕದ ನಡುವಿನಲ್ಲಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಬಹಳಷ್ಟು ಜನರಿಗೆ ಮೊದಲು ಕೈಕೊಡುತ್ತಿದ್ದದ್ದು ವೈಫೈ. ಕಾರ್ಡು ಕೆಟ್ಟಿರುತ್ತಿರಲಿಲ್ಲ; ಅದರೊಡನೆ ಮಾತಾಡಬಲ್ಲ ಡ್ರೈವರ್ ಇರುತ್ತಿರಲಿಲ್ಲ. ಕರ್ನಲ್‌ನ ಹೆಡರ್ ಕಡತಗಳನ್ನು ಇಳಿಸಿಕೊಂಡು, 'ಮೇಕ್' ಎಂದು ಟೈಪಿಸಿ, ಮಾಡ್ಯೂಲನ್ನು ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಒಂದು ಕರ್ನಲ್‌ಗೆ ಕಟ್ಟಿದ ಮಾಡ್ಯೂಲನ್ನು ಇನ್ನೊಂದು ಸಾಮಾನ್ಯವಾಗಿ ಒಪ್ಪದ ಕಾರಣ, ಕರ್ನಲ್ ಹೊಸದಾದಾಗಲೆಲ್ಲ ಅದೇ ಕೆಲಸ ಮತ್ತೆ. ಈ ಕಿರಿಕಿರಿಯ ಹಿಂದೆ ಓದುವ ಹಕ್ಕಿನ ಒಂದು ಚರಿತ್ರೆಯಿದೆ.

ಆ ಚರಿತ್ರೆಯ ಕೇಂದ್ರದಲ್ಲಿರುವುದು ಬ್ರಾಡ್‌ಕಾಮ್ ಚಿಪ್. ಆ್ಯಪಲ್‌ನ ಏರ್‌ಪೋರ್ಟ್ ಎಕ್ಸ್‌ಟ್ರೀಮ್ ಕಾರ್ಡಿನಲ್ಲೂ ಡೆಲ್‌ನ ಅನೇಕ ಲ್ಯಾಪ್‌ಟಾಪುಗಳಲ್ಲೂ ಇದ್ದದ್ದು ಇದೇ. ವಿಂಡೋಸ್‌ಗೆ ಡ್ರೈವರ್ ಸಿಗುತ್ತಿತ್ತು. ಲಿನಕ್ಸ್ ಬರೆಯುವವರಿಗೆ ಚಿಪ್ಪಿನ ವಿವರಣೆ ಸಿಗುತ್ತಿರಲಿಲ್ಲ. ಇಂಥ ಚಿಪ್ಪುಗಳಲ್ಲಿ ರೇಡಿಯೋ ತರಂಗಾಂತರವನ್ನೂ ಶಕ್ತಿಯನ್ನೂ ನಿಯಂತ್ರಿಸುವುದು ತಂತ್ರಾಂಶ. ಅದನ್ನು ತೆರೆದಿಟ್ಟರೆ ಸರ್ಕಾರಿ ನಿಯಮಗಳು ಮುರಿಯಬಹುದು ಎಂಬುದು ಉದ್ಯಮದ ವಾದವಾಗಿತ್ತು. ಅನೇಕರು ಎನ್‌ಡಿಐಎಸ್‌ರ‍್ಯಾಪರ್ ಎಂಬ ಅಡ್ಡದಾರಿ ಹಿಡಿದರು: ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನೊಳಗೆ ಓಡಿಸುವುದು. ಕೆಲಸ ಸಾಗುತ್ತಿತ್ತು, ಆದರೆ ಒಳಗೇನು ನಡೆಯುತ್ತಿದೆಯೆಂದು ಓದಲಾಗುತ್ತಿರಲಿಲ್ಲ.

ಇನ್ನೊಂದು ಗುಂಪು ಕಷ್ಟದ ದಾರಿ ಹಿಡಿಯಿತು. ಲಿಂಕ್‌ಸಿಸ್‌ನ ಒಂದು ರೌಟರ್ ಲಿನಕ್ಸ್ ಮೇಲೆಯೇ ಓಡುತ್ತಿತ್ತು. ಅದರೊಳಗೆ ಬ್ರಾಡ್‌ಕಾಮ್ ಡ್ರೈವರ್ ಬೈನರಿ ರೂಪದಲ್ಲಿತ್ತು. ಕೆಲವರು ಆ ಬೈನರಿಯನ್ನು ಬಿಡಿಸಿ, ಚಿಪ್ಪಿನ ಯಾವ ರಿಜಿಸ್ಟರಿಗೆ ಯಾವ ಮೌಲ್ಯ ಯಾವ ಕ್ರಮದಲ್ಲಿ ಹೋಗುತ್ತದೆ ಎಂಬುದನ್ನು ವಿವರಣೆಯಾಗಿ ಬರೆದಿಟ್ಟರು. ಬೇರೆಯವರು ಆ ವಿವರಣೆಯನ್ನಷ್ಟೇ ಓದಿ ಡ್ರೈವರ್ ಬರೆದರು. ಮೂಲವನ್ನು ಓದಿದವರು ಡ್ರೈವರ್ ಬರೆಯುವಂತಿಲ್ಲ, ಬರೆಯುವವರು ಮೂಲವನ್ನು ನೋಡುವಂತಿಲ್ಲ. ಕೃತಿಸ್ವಾಮ್ಯ ರಕ್ಷಿಸುವುದು ಅಭಿವ್ಯಕ್ತಿಯನ್ನೇ ಹೊರತು ಕಾರ್ಯವಿಧಾನವನ್ನಲ್ಲ ಎಂಬ ನ್ಯಾಯತತ್ವ ಈ ಮಡಿಯ ಬೆನ್ನಿಗಿತ್ತು. 1980ರ ದಶಕದಲ್ಲಿ ಐಬಿಎಂ ಪಿಸಿಯ ಬಯಾಸನ್ನು ಮರುರಚಿಸಿದ್ದೂ ಇದೇ ವಿಧಾನದಿಂದ.

ಫಲ ಬಂತು. 2006ರ ಜೂನ್‌ನಲ್ಲಿ ಹೊರಬಂದ 2.6.17 ಕರ್ನಲ್‌ನಲ್ಲಿ ಬಿಸಿಎಂ43ಎಕ್ಸ್‌ಎಕ್ಸ್ ಡ್ರೈವರ್ ಸೇರಿತು. 2008ರ ಜನವರಿಯ 2.6.24ರಲ್ಲಿ ಅದರ ಉತ್ತರಾಧಿಕಾರಿ ಬಿ43. ಆದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ಚಿಪ್ಪಿನೊಳಗೇ ಓಡುವ ಫರ್ಮ್‌ವೇರ್ ಹಂಚಲು ಅನುಮತಿಯಿಲ್ಲದ್ದರಿಂದ, ಕಂಪೆನಿಯ ಡ್ರೈವರಿನಿಂದ ಅದನ್ನು ಪ್ರತಿಯೊಬ್ಬ ಬಳಕೆದಾರನೂ ತಾನೇ ಕತ್ತರಿಸಿ ತೆಗೆಯಬೇಕಿತ್ತು. ಅದಕ್ಕಾಗಿಯೇ ಇದ್ದ ಉಪಕರಣದ ಹೆಸರು ಬಿ43-ಎಫ್‌ಡಬ್ಲ್ಯುಕಟರ್. ನಡುವೆ ಬ್ರಾಡ್‌ಕಾಮ್ ಕೂಡ ಅರೆತೆರೆದ ಡ್ರೈವರೊಂದನ್ನು ಕೊಟ್ಟಿತು: ಹೊದಿಕೆಯ ಮೂಲ ಸಂಕೇತ ಓದಬಹುದು, ಕಂಪೈಲ್ ಮಾಡಬಹುದು, ತಿರುಳು ಮಾತ್ರ ಬೈನರಿ. 2010ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪೆನಿ ಹೊಸ ಚಿಪ್ಪುಗಳಿಗೆ ಪೂರ್ತಿ ತೆರೆದ ಡ್ರೈವರ್ ಬಿಡುಗಡೆ ಮಾಡಿತು. ಹಳೆಯ ಚಿಪ್ಪುಗಳಿಗೆ ಆಸರೆಯಾಗಿ ಉಳಿದದ್ದು ಆ ಸ್ವಯಂಸೇವಕರ ಬರಹವೇ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಓದು ಬರಹವನ್ನು ಹುಟ್ಟಿಸುತ್ತದೆ ಎಂದು ನಾವು ನಂಬುತ್ತೇವೆ. ಇಲ್ಲಿ ಎರಡನ್ನೂ ಬೇಕೆಂದೇ ಬೇರೆಯಾಗಿಟ್ಟು, ನಡುವೆ ಒಂದು ವಿವರಣಾತ್ಮಕ ಗದ್ಯವನ್ನು ಸೇತುವೆಯಾಗಿಸಲಾಯಿತು. ಯಾವ ಅಲಂಕಾರವೂ ಇಲ್ಲದ, ತಪ್ಪಿದರೆ ಕಾರ್ಡೇ ಓಡದ ಗದ್ಯ ಅದು. ತಂತ್ರಜ್ಞಾನದ ಚರಿತ್ರೆ ಬರೆಯುವವರು ಯಂತ್ರ ತಯಾರಿಸಿದವರನ್ನು ನೆನೆಯುತ್ತಾರೆ, ಕೋಡ್ ಬರೆದವರನ್ನೂ ಆಗೀಗ ನೆನೆಯುತ್ತಾರೆ. ಓದಿ ಅರ್ಥಮಾಡಿಕೊಂಡು, ತಾವು ಬರೆಯದೆ ಬೇರೆಯವರಿಗೆ ದಾಟಿಸಿದವರಿಗೂ ಅಲ್ಲಿ ಒಂದು ಸಾಲು ಸಲ್ಲಬೇಕು.