ರೌನೆಖ್ಟೆ: ಹನ್ನೆರಡು ರಾತ್ರಿಗಳ ಮೂಲಿಕೆ ಹೊಗೆಯ ಇತಿಹಾಸ

ರೌನೆಖ್ಟೆ ಎಂಬುದು ಕ್ರಿಸ್‌ಮಸ್‌ನಿಂದ ಜನವರಿ 6ರ ಮೂರು ರಾಯರ ಹಬ್ಬದವರೆಗಿನ ಹನ್ನೆರಡು ರಾತ್ರಿಗಳಿಗೆ ಜರ್ಮನ್ ಭಾಷಿಕ ನಾಡುಗಳಲ್ಲಿರುವ ಹೆಸರು. ಬವೇರಿಯ, ಆಸ್ಟ್ರಿಯದ ಸಾಲ್ಜ್‌ಬರ್ಗ್ ಮತ್ತು ಟಿರೋಲ್, ಇಟಲಿಗೆ ಸೇರಿದ ದಕ್ಷಿಣ ಟಿರೋಲ್ ಮುಂತಾದ ಕಡೆಗಳಲ್ಲಿ ಈ ರಾತ್ರಿಗಳಂದು ಕೆಂಡದ ಮೇಲೆ ಮರದ ಅಂಟು ಮತ್ತು ಒಣಗಿಸಿದ ಮೂಲಿಕೆ ಉದುರಿಸಿ ಮನೆಗೂ ಕೊಟ್ಟಿಗೆಗೂ ಹೊಗೆ ಹಾಕುವ ರೂಢಿ ಇದೆ. ಕಳೆದ ಕೆಲವು ದಶಕಗಳಲ್ಲಿ ಇದು ಊರಿಂದ ಪೇಟೆಗೆ ಬಂದಿದೆ. ಅಲ್ಲಿ ಇದನ್ನು ಮಾಡುವುದು ಹಬ್ಬದ ಓಡಾಟದಿಂದ ದಣಿದ ಮನಸ್ಸನ್ನು ಶಾಂತಗೊಳಿಸಲು.

ಈ ಆಚರಣೆಯ ಬಗ್ಗೆ ಈಗ ಸಿಗುವ ಜನಪ್ರಿಯ ಪುಸ್ತಕಗಳಲ್ಲಿ ಬಹುಪಾಲು ಎರಡು ಮಾತುಗಳನ್ನು ಹೇಳುತ್ತವೆ: ಇದು ಕ್ರೈಸ್ತ ಧರ್ಮಕ್ಕಿಂತ ಹಳೆಯದಾದ ಕೆಲ್ಟ್ ಅಥವಾ ಜರ್ಮಾನಿಕ್ ಬುಡಕಟ್ಟುಗಳ ವಿಧಿ; ಮೂಲಿಕೆಗಳ ಹೊಗೆ ಅಂದಿನಿಂದಲೂ ಮನಃಶಾಂತಿಗಾಗಿಯೇ ಬಳಕೆಯಲ್ಲಿತ್ತು. ದಾಖಲೆಗಳು ಈ ಎರಡನ್ನೂ ಸಮರ್ಥಿಸುವುದಿಲ್ಲ. ಹೊಗೆಯ ರೂಢಿ ನಿಜಕ್ಕೂ ಹಳೆಯದು; ಅದಕ್ಕೆ ಶಮನದ ಅರ್ಥ ಬಂದಿರುವುದು ತೀರ ಈಚೆಗೆ. ಈ ಎರಡು ಎಳೆಗಳು ಎಲ್ಲಿ ಕೂಡಿದವು ಎಂಬುದೇ ಇದರ ಇತಿಹಾಸದ ಮುಖ್ಯ ಪ್ರಶ್ನೆ.

ಹನ್ನೆರಡು ದಿನಗಳ ಅವಧಿಗೆ ಚರ್ಚ್‌ನ ಆಧಾರ ಸ್ಪಷ್ಟವಾಗಿದೆ. ಪಶ್ಚಿಮದ ಕ್ರೈಸ್ತರು ಡಿಸೆಂಬರ್ 25ನ್ನೂ ಪೂರ್ವದವರು ಜನವರಿ 6ನ್ನೂ ದೊಡ್ಡ ಹಬ್ಬವಾಗಿ ಆಚರಿಸುತ್ತಿದ್ದರು. ಇವೆರಡರ ನಡುವಿನ ದಿನಗಳೆಲ್ಲವೂ ಹಬ್ಬದ ದಿನಗಳೇ ಎಂದು 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಧರ್ಮಸಭೆ ಪರಿಗಣಿಸಿತು. 354 ದಿನಗಳ ಚಾಂದ್ರಮಾನ ವರ್ಷಕ್ಕೂ 365 ದಿನಗಳ ಸೌರಮಾನ ವರ್ಷಕ್ಕೂ ಇರುವ 11 ದಿನಗಳ ಅಂತರದಿಂದ ಈ ರಾತ್ರಿಗಳು ಹುಟ್ಟಿದವು ಎಂಬ ವಿವರಣೆ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ, ಅಷ್ಟೇ. ಹೆಸರಿನ ಮೂಲದ ಬಗೆಗೂ ಒಮ್ಮತವಿಲ್ಲ. ಹೊಗೆ ಎಂಬ ಅರ್ಥದ ಪದದಿಂದ ಬಂದದ್ದು ಎನ್ನುವವರಿದ್ದಾರೆ, ರೋಮಮಯ, ಒರಟು ಎಂಬ ಅರ್ಥದ ಪದದಿಂದ ಎನ್ನುವವರೂ ಇದ್ದಾರೆ. ಚಳಿಗಾಲದಲ್ಲಿ ಊರೊಳಗೆ ಸುತ್ತುವ ತೊಗಲು ವೇಷಗಳನ್ನು ಎರಡನೆಯವರು ಆಧಾರವಾಗಿ ತೋರಿಸುತ್ತಾರೆ.

ಹೊಗೆಯ ಬಗ್ಗೆ ಖಚಿತ ವಿವರ ಸಿಗುವುದು 16ನೇ ಶತಮಾನದಿಂದ. ಫ್ರಾಂಕೋನಿಯ ಪ್ರಾಂತದ ಔಬ್ ಪಟ್ಟಣದಲ್ಲಿ ಹುಟ್ಟಿದ ಪಾದ್ರಿ ಯೊಹಾನೆಸ್ ಬೋಮಸ್ ಲೋಕದ ಜನಗಳ ನಡೆನುಡಿ ಕುರಿತು ಲ್ಯಾಟಿನ್‌ನಲ್ಲಿ ಬರೆದ ಗ್ರಂಥ 1520ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾಯಿತು. ಕ್ರಿಸ್ತಜಯಂತಿಯಿಂದ ಮೂರು ರಾಯರ ಹಬ್ಬದವರೆಗಿನ ಹನ್ನೆರಡು ರಾತ್ರಿ ಫ್ರಾಂಕೋನಿಯದಲ್ಲಿ ಜನವಾಸವಿರುವ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಹೊಗೆ ಹಾಕುತ್ತಾರೆ ಎಂದು ಅವನು ಬರೆದಿದ್ದಾನೆ. ದೆವ್ವಗಳ ಮತ್ತು ಮಾಟಗಾತಿಯರ ಕಾಟ ತಪ್ಪಲಿ ಎಂಬುದು ಅವನು ಕೊಡುವ ಕಾರಣ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸುಡುವ ವಸ್ತು ಧೂಪದ ಅಂಟು ಅಥವಾ ಪರಿಮಳವಿರುವ ಇನ್ನಾವುದೋ ಪದಾರ್ಥ ಎನ್ನುತ್ತಾನೆಯೇ ಹೊರತು ಒಂದು ಮೂಲಿಕೆಯನ್ನೂ ಹೆಸರಿಸುವುದಿಲ್ಲ.

ಸೆಬಾಸ್ಟಿಯನ್ ಫ್ರಾಂಕ್ 1534ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಲೋಕವರ್ಣನೆಯಲ್ಲೂ ಇದೇ ಮಾತಿದೆ. ಇದನ್ನು ಎರಡನೇ ಸಾಕ್ಷಿ ಎಂದು ಎಣಿಸುವುದು ತಪ್ಪು; ಫ್ರಾಂಕ್ ತನ್ನ ಪುಸ್ತಕಕ್ಕೆ ಬೋಮಸ್‌ನ ಕೃತಿಯನ್ನು ಬಳಸಿಕೊಂಡಿದ್ದ. ನಿಜಕ್ಕೂ ಹೊಸ ವಿವರ ಕೊಡುವವನು ಥಾಮಸ್ ನಾವೊಗಿಯೋರ್ಗಸ್. ಕ್ಯಾಥೊಲಿಕ್ ಆಚರಣೆಗಳನ್ನು ಖಂಡಿಸಲು ಈ ಪ್ರಾಟೆಸ್ಟೆಂಟ್ ಕವಿ ಬರೆದ ಲ್ಯಾಟಿನ್ ಕಾವ್ಯ 1553ರಲ್ಲಿ ಹೊರಬಂತು. ಬಾರ್ನಬಿ ಗೂಜ್ 1570ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಅದರಂತೆ, ಮನೆಯ ಯಜಮಾನ ಮೇಜಿನ ಮೇಲೆ ರೊಟ್ಟಿ ಇಟ್ಟು, ಕೆಂಡಕ್ಕೆ ಧೂಪ ಹಾಕಿ, ತಲೆ ಬಾಗಿಸಿ ಮೂಗು, ಕಿವಿ, ಕಣ್ಣುಗಳಿಗೆ ಹೊಗೆ ತಾಕಿಸಿ ಬಾಯಿಂದ ಒಳಗೆಳೆದುಕೊಳ್ಳುತ್ತಾನೆ. ಹೆಂಡತಿ, ಮಕ್ಕಳು, ಮನೆಮಂದಿಯೆಲ್ಲ ಹಾಗೆಯೇ ಮಾಡುತ್ತಾರೆ. ಇದರಿಂದ ವರ್ಷವಿಡೀ ಹಲ್ಲು, ಮೂಗು, ಕಣ್ಣು, ಕಿವಿಗೆ ರೋಗ ಬಾರದು ಎಂಬುದು ಅವರ ನಂಬಿಕೆ. ಬರೆದವನು ಎದುರು ಪಕ್ಷದವನಾದರೂ ಈ ವಿವರಕ್ಕೆ ಬೆಲೆಯಿದೆ. ಹೊಗೆಯನ್ನು ಆರೋಗ್ಯಕ್ಕಾಗಿ ಮೈಗೆ ತೆಗೆದುಕೊಳ್ಳುವ ಮಾತು ಇಲ್ಲಿ ನೇರವಾಗಿ ಬರುತ್ತದೆ. ಆದರೆ ಕಾಪಾಡಬೇಕಾದ ಅಂಗಗಳ ಪಟ್ಟಿಯಲ್ಲಿ ಮನಸ್ಸು ಇಲ್ಲ.

ಈ ರೂಢಿ ಅಯನ ಸಂಕ್ರಮಣದಿಂದ ಬಂದದ್ದು ಎಂಬ ವಾದವನ್ನೂ ಈ ಕಾಲದ ಹಿನ್ನೆಲೆಯಲ್ಲೇ ಪರೀಕ್ಷಿಸಬೇಕು. ಆಲ್ಪ್ಸ್‌ನ ಹಲವು ಊರುಗಳಲ್ಲಿ ಹೊಗೆ ಹಾಕುವುದು ಹನ್ನೆರಡೂ ರಾತ್ರಿ ಅಲ್ಲ, ನಾಲ್ಕು ರಾತ್ರಿ ಮಾತ್ರ: ಡಿಸೆಂಬರ್ 21ರ ಸಂತ ತೋಮನ ರಾತ್ರಿ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಹೊಸ ವರ್ಷದ ಹಿಂದಿನ ರಾತ್ರಿ, ಮೂರು ರಾಯರ ಹಬ್ಬದ ಹಿಂದಿನ ರಾತ್ರಿ. ಇವುಗಳಲ್ಲಿ ಎರಡು ಉಪವಾಸದವು, ಎರಡು ಹಬ್ಬದೂಟದವು ಎಂದು ಜನ ಎಣಿಸುತ್ತಾರೆ. ತೋಮನ ರಾತ್ರಿ ವರ್ಷದ ಅತಿ ದೀರ್ಘ ರಾತ್ರಿಯಾದ್ದರಿಂದ ಈ ಪದ್ಧತಿ ಸೂರ್ಯಾರಾಧನೆಯ ಉಳಿಕೆ ಎಂದು ಹೇಳುವುದುಂಟು. ಆದರೆ ಬೋಮಸ್‌ನ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಜೂಲಿಯನ್ ಪಂಚಾಂಗ. ಅದು ಅಷ್ಟು ಹೊತ್ತಿಗೆ ಸೂರ್ಯನ ಗತಿಗಿಂತ ಹತ್ತು ದಿನ ಹಿಂದೆ ಬಿದ್ದಿತ್ತು. ಅತಿ ದೀರ್ಘ ರಾತ್ರಿ ಡಿಸೆಂಬರ್ 12ರ ಆಸುಪಾಸಿಗೆ ಬರುತ್ತಿತ್ತು. ಬವೇರಿಯ 1583ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದ ಮೇಲೆ ತೋಮನ ಹಬ್ಬವೂ ಸಂಕ್ರಮಣವೂ ಈಗಿನಂತೆ ಕೂಡಿಬಂದವು. 1969ರ ಸುಧಾರಣೆಯಲ್ಲಿ ಕ್ಯಾಥೊಲಿಕ್ ಚರ್ಚ್ ತೋಮನ ಹಬ್ಬವನ್ನು ಜುಲೈ 3ಕ್ಕೆ ಸರಿಸಿತು. ಹೊಗೆಯ ರಾತ್ರಿ ಮಾತ್ರ ಡಿಸೆಂಬರ್ 21ರಲ್ಲೇ ಉಳಿದಿದೆ.

ಮೂಲಿಕೆಗಳು ಕೆಂಡಕ್ಕೆ ಬಂದ ದಾರಿ ಬೇಸಿಗೆಯ ಹಬ್ಬದ ಮೂಲಕ ಹಾದುಬರುತ್ತದೆ. ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ, ಹೆಂಗಸರು ಕಾಡುಮೇಡಿನ ಗಿಡಗಳ ಕಟ್ಟನ್ನು ಚರ್ಚಿಗೆ ಒಯ್ದು ಮಂತ್ರಿಸಿಕೊಂಡು ಬರುತ್ತಾರೆ. ಇಂಥ ಆಶೀರ್ವಾದದ ಪದ್ಧತಿಗೆ 10ನೇ ಶತಮಾನದಿಂದ ಆಧಾರವಿದೆ. ಕಟ್ಟಿನ ನಡುವೆ ಹಳದಿ ಹೂವಿನ ಎತ್ತರದ ವೆರ್‌ಬಾಸ್ಕಮ್, ಸುತ್ತ ಸೇಂಟ್ ಜಾನ್ಸ್ ವರ್ಟ್, ಯಾರೋ, ಕ್ಯಾಮೊಮೈಲ್, ವೇಲೇರಿಯನ್, ಪುದೀನ ಜಾತಿಯ ಸೊಪ್ಪುಗಳು, ಬೈಫೂಸ್. ಗಿಡಗಳ ಸಂಖ್ಯೆ ಊರಿಂದ ಊರಿಗೆ ಏಳು, ಒಂಬತ್ತು, ಹನ್ನೆರಡು, ಕೆಲವು ಕಡೆ ಎಪ್ಪತ್ತೇಳು. ಸೂರಿನಡಿ ತೂಗುಹಾಕಿದ ಈ ಕಟ್ಟಿನಿಂದಲೇ ಸಿಡಿಲಿನ ಹೊತ್ತಿನಲ್ಲೂ ದನಗಳಿಗೆ ಕಾಯಿಲೆ ಬಂದಾಗಲೂ ಚಳಿಗಾಲದ ಈ ರಾತ್ರಿಗಳಲ್ಲೂ ಒಂದಿಷ್ಟು ಮುರಿದು ಕೆಂಡಕ್ಕೆ ಹಾಕುತ್ತಿದ್ದರು. ಗಿಡವನ್ನು ಆರಿಸುವಾಗ ಅದರ ಔಷಧ ಗುಣಕ್ಕಿಂತ ಮಂತ್ರಿಸಿದ ಕಟ್ಟಿನದ್ದು ಎಂಬುದೇ ಮುಖ್ಯವಾಗಿತ್ತು.

ಬೈಫೂಸ್ ನಮ್ಮ ಮಾಚಿಪತ್ರೆ, ದವನಗಳ ಕುಲದ್ದೇ, ಮೂರೂ ಆರ್ಟಿಮಿಸಿಯ. 10–11ನೇ ಶತಮಾನದ ಹಳೆ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿರುವ ಒಂಬತ್ತು ಮೂಲಿಕೆಗಳ ಮಂತ್ರದಲ್ಲಿ ಮೊದಲು ಬರುವುದೂ ಅದೇ ಗಿಡ. ಇದನ್ನು ರೌನೆಖ್ಟೆಯ ಪ್ರಾಚೀನತೆಗೆ ಪುರಾವೆಯಾಗಿ ಕೊಡುತ್ತಾರೆ. ಆ ಮಂತ್ರ ವಿಷ ಮತ್ತು ಸೋಂಕಿಗೆ ಸಂಬಂಧಿಸಿದ್ದು. ಹನ್ನೆರಡು ರಾತ್ರಿಗಳ ಪ್ರಸ್ತಾಪ ಅದರಲ್ಲಿಲ್ಲ. ಇನ್ನು ಧೂಪದ ಅಂಟು ಬಾಸ್ವೆಲಿಯ ಮರದ್ದು, ದಕ್ಷಿಣ ಅರೇಬಿಯ ಮತ್ತು ಸೊಮಾಲಿ ತೀರದಿಂದ ಬರುವ ದುಬಾರಿ ವಸ್ತು. ನಮ್ಮಲ್ಲಿ ಸಾಂಬ್ರಾಣಿ ಎಂದು ಸಾಮಾನ್ಯವಾಗಿ ಮಾರುವುದು ಸ್ಟೈರಾಕ್ಸ್ ಮರದ ಅಂಟು, ಇದಕ್ಕಿಂತ ಬೇರೆ. ಕೈಯಲ್ಲಿ ಕಾಸಿಲ್ಲದ ಬೆಟ್ಟದ ರೈತರು ಸ್ಪ್ರೂಸ್ ಮರದ ಅಂಟನ್ನೂ ಜುನಿಪರ್ ಕಡ್ಡಿಯನ್ನೂ ಬಳಸಿದರು.

19ನೇ ಶತಮಾನದ ವಿವರಣೆಗಳಲ್ಲಿ ಆಚರಣೆಯ ಪೂರ್ಣ ರೂಪ ಕಾಣುತ್ತದೆ. ಯಜಮಾನ ಒಲೆಯ ಕೆಂಡವನ್ನು ಕಬ್ಬಿಣದ ಬಾಣಲೆಗೆ ತುಂಬಿ ಮುಂದೆ ನಡೆಯುತ್ತಾನೆ. ಹಿಂದೆ ಒಬ್ಬರು ಪವಿತ್ರ ಜಲ ಚಿಮುಕಿಸುತ್ತಾರೆ, ಉಳಿದವರು ಜಪಮಾಲೆ ಹಿಡಿದು ಪ್ರಾರ್ಥಿಸುತ್ತ ಕೋಣೆ ಕೋಣೆಗೂ ಕೊಟ್ಟಿಗೆಗೂ ಸುತ್ತುತ್ತಾರೆ. ಕೆಲವೆಡೆ ಗಂಡಸರು ಟೊಪ್ಪಿಯನ್ನು ಹೊಗೆಯ ಮೇಲೆ ಹಿಡಿದು ತಲೆಗೆ ಹಾಕಿಕೊಳ್ಳುತ್ತಿದ್ದರು, ತಲೆನೋವು ಬಾರದಿರಲೆಂದು. ಆ ದಿನಗಳಲ್ಲಿ ನೂಲುವಂತಿಲ್ಲ, ಬಟ್ಟೆ ಒಗೆದು ಹರವುವಂತಿಲ್ಲ. ನೂತರೆ ಪೆರ್ಖ್ಟಾ ಎಂಬ ಚಳಿಗಾಲದ ಹೆಣ್ಣುಶಕ್ತಿ ಶಿಕ್ಷಿಸುತ್ತಾಳೆ, ಹಗ್ಗದ ಮೇಲಿನ ಬಟ್ಟೆಗೆ ಆಕಾಶದಲ್ಲಿ ಸಾಗುವ ಪ್ರೇತಗಳ ದಂಡು ಸಿಕ್ಕಿಕೊಳ್ಳುತ್ತದೆ ಎಂಬ ಭಯ. ವರ್ಷವಿಡೀ ದುಡಿದ ಹೆಣ್ಣಾಳುಗಳಿಗೂ ಮನೆಯೊಡತಿಯರಿಗೂ ಈ ನಿಷೇಧದಿಂದ ಕೆಲವು ದಿನ ಬಿಡುವು ಸಿಗುತ್ತಿತ್ತು. ಹಳೆಯ ರೂಢಿಯಲ್ಲಿ ವಿಶ್ರಾಂತಿ ಎಂಬುದೇನಾದರೂ ಇದ್ದರೆ ಅದು ಇಲ್ಲೇ ಇತ್ತು, ಹೊಗೆಯಲ್ಲಿ ಅಲ್ಲ.

ಪ್ರಾಚೀನತೆಯ ಕಥೆ ಗಟ್ಟಿಯಾದದ್ದೂ ಇದೇ ಶತಮಾನದಲ್ಲಿ. ಯಾಕೊಬ್ ಗ್ರಿಮ್ 1835ರಲ್ಲಿ ಪ್ರಕಟಿಸಿದ ಜರ್ಮನ್ ಪುರಾಣ ಕುರಿತ ಗ್ರಂಥ ಹಳ್ಳಿಯ ನಂಬಿಕೆಗಳಲ್ಲಿ ಮರೆಯಾದ ದೇವತೆಗಳ ಗುರುತು ಹುಡುಕಿತು. ಅವನ ನಂತರದವರು ಹುಡುಕಾಟವನ್ನು ತೀರ್ಮಾನವಾಗಿಸಿದರು. ನಾತ್ಸಿ ಆಳ್ವಿಕೆಯಲ್ಲಿ, 1935ರಲ್ಲಿ ಸ್ಥಾಪನೆಯಾದ ಆನೆನ್‌ಎರ್ಬೆಯಂಥ ಸಂಸ್ಥೆಗಳು ಈ ಬಗೆಯ ಅಖಂಡ ಪರಂಪರೆಯ ವಾದವನ್ನು ರಾಜಕೀಯಕ್ಕೆ ಬಳಸಿದವು. ಯುದ್ಧದ ನಂತರ ಮ್ಯೂನಿಕ್‌ನ ಹಾನ್ಸ್ ಮೋಸರ್, ಕಾರ್ಲ್ ಸಿಗಿಸ್ಮಂಡ್ ಕ್ರಾಮರ್ ಮುಂತಾದ ಜಾನಪದ ವಿದ್ವಾಂಸರು ಊಹೆ ಬಿಟ್ಟು ಕಡತಗಳಿಗೆ ಹೋದರು: ನ್ಯಾಯಾಲಯದ ದಾಖಲೆ, ಚರ್ಚಿನ ಲೆಕ್ಕಪುಸ್ತಕ, ಊರಿನ ಕಟ್ಟಳೆ. ಪ್ರಾಚೀನವೆಂದು ಹೆಸರಾಗಿದ್ದ ಹಲವು ಆಚರಣೆಗಳ ವಯಸ್ಸು ಅಲ್ಲಿ ಕಡಿಮೆಯಾಯಿತು. ಹಳೆಯ ರೂಢಿಗಳು ಪ್ರದರ್ಶನಕ್ಕೂ ಮಾರುಕಟ್ಟೆಗೂ ಬಂದು ಹೊಸ ಬದುಕು ಪಡೆಯುವುದನ್ನು ಮೋಸರ್ 1962ರಲ್ಲಿ ಚರ್ಚಿಸಿದ. ರೌನೆಖ್ಟೆಯ ಮುಂದಿನ ದಾರಿಯೂ ಅದೇ ಆಯಿತು.

ದನಗಳಿಗೆ ಪಶುವೈದ್ಯರೂ ಕೊಟ್ಟಿಗೆಗೆ ವಿದ್ಯುತ್ ದೀಪವೂ ಬಂದ ಮೇಲೆ ಹೊಗೆಯ ಕಾವಲಿನ ಕೆಲಸ ಕಡಿಮೆಯಾಯಿತು. 1980ರ ದಶಕದ ನಂತರ ಪರ್ಯಾಯ ಅಧ್ಯಾತ್ಮ, ಮೂಲಿಕೆ ಶಿಬಿರಗಳು, ಬೆಟ್ಟದೂರಿನ ಪ್ರವಾಸೋದ್ಯಮ ಇದನ್ನು ಬೇರೆ ಉದ್ದೇಶಕ್ಕೆ ಕೈಗೆತ್ತಿಕೊಂಡವು. ಡಿಸೆಂಬರ್‌ನ ಖರೀದಿ, ಅಡುಗೆ, ನೆಂಟರು, ಕಚೇರಿಯ ವರ್ಷಾಂತ್ಯದ ಕೆಲಸ ಮುಗಿದ ಮೇಲೆ ಕೆಲಸ ನಿಂತಂತಿರುವ ಒಂದು ವಾರ ಪೇಟೆಯವರಿಗೂ ಸಿಗುತ್ತದೆ. ಆ ಖಾಲಿ ಜಾಗಕ್ಕೆ ಹಳೆಯ ಹೊಗೆ ಹೊಸ ಮಾತಿನೊಂದಿಗೆ ಬಂದು ಕೂತಿತು. ದಿನಚರಿ ಬರೆಯುವುದು, ಹದಿಮೂರು ಆಸೆಗಳನ್ನು ಚೀಟಿಯಲ್ಲಿ ಬರೆದು ರಾತ್ರಿಗೊಂದು ಸುಟ್ಟು ಕೊನೆಯದನ್ನು ತಾನೇ ಈಡೇರಿಸಿಕೊಳ್ಳುವುದು, ಇವೆಲ್ಲ ಈ ಹೊಸ ಪದರಕ್ಕೆ ಸೇರಿದವು. ಕ್ಯಾಲಿಫೋರ್ನಿಯದ ಬಿಳಿ ಸೇಜ್, ದಕ್ಷಿಣ ಅಮೆರಿಕದ ಪಾಲೊ ಸಾಂಟೊ ಕಟ್ಟಿಗೆ ಕೂಡ ಪೊಟ್ಟಣಗಳಲ್ಲಿ ಸೇರಿವೆ. ತಮ್ಮ ಪವಿತ್ರ ಗಿಡದ ಈ ವ್ಯಾಪಾರಕ್ಕೆ ಬಿಳಿ ಸೇಜ್ ಬಳಸುವ ಮೂಲನಿವಾಸಿಗಳು ಆಕ್ಷೇಪಿಸಿದ್ದಾರೆ. ಇನ್ನೊಂದೆಡೆ ಸ್ಥಳೀಯ ತಿಳಿವಳಿಕೆಯನ್ನು ದಾಖಲಿಸುವ ಕೆಲಸವೂ ನಡೆದಿದೆ. ಸಾಲ್ಜ್‌ಬರ್ಗ್ ಪ್ರಾಂತದ ಪಿನ್ಸ್‌ಗೌ ಜನರ ಮನೆಮದ್ದಿನ ಜ್ಞಾನ 2010ರಲ್ಲಿ ಆಸ್ಟ್ರಿಯದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಶಮನದ ಮಾತು ಬಂದದ್ದು ಕಷಾಯದ ಪರಂಪರೆಯಿಂದ. ವೇಲೇರಿಯನ್ ಬೇರು, ಮೆಲಿಸ್ಸ ಎಲೆ, ಲ್ಯಾವೆಂಡರ್ ಹೂ ಮಠದ ತೋಟಗಳಲ್ಲೂ ಔಷಧದ ಅಂಗಡಿಗಳಲ್ಲೂ ಬಹುಕಾಲದಿಂದ ಇದ್ದವು. 1978ರಲ್ಲಿ ಜರ್ಮನಿ ನೇಮಿಸಿದ ಕಮಿಷನ್ ಇ ಎಂಬ ತಜ್ಞರ ಸಮಿತಿ 1985ರಲ್ಲಿ ವೇಲೇರಿಯನ್ ಬೇರನ್ನು ಚಡಪಡಿಕೆ ಮತ್ತು ನಿದ್ರಾಭಂಗಕ್ಕೆ ಒಪ್ಪಿತು. ರೌನೆಖ್ಟೆಯ ಪುಸ್ತಕಗಳು ಈ ಗಿಡಗಳ ಹೆಸರನ್ನು ಹೊಗೆಯ ಪಟ್ಟಿಗೆ ತಂದಾಗ ಕುಡಿಯುವ ಮದ್ದಿನ ಗುಣವೂ ಜೊತೆಗೆ ಬಂತು. ಧೂಪದ ಅಂಟಿಗೆ ಆಧಾರವಾಗಿ ಹೇಳುವುದು ಜೆರುಸಲೇಮಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗ: ಬಾಸ್ವೆಲಿಯ ಅಂಟಿನ ಇನ್ಸೆನ್ಸೋಲ್ ಅಸಿಟೇಟ್ ಎಂಬ ಅಂಶ ಇಲಿಗಳ ಆತಂಕದ ವರ್ತನೆಯನ್ನು ತಗ್ಗಿಸಿತು. ಅದು ಬೇರ್ಪಡಿಸಿದ ಅಂಶವನ್ನು ಇಲಿಗಳಿಗೆ ಚುಚ್ಚಿ ನೋಡಿದ ಪ್ರಯೋಗ; ಮನೆಯಲ್ಲಿ ಹಾಕುವ ಹೊಗೆಯಿಂದ ಮನುಷ್ಯರಿಗೆ ಏನಾಗುತ್ತದೆ ಎಂಬುದನ್ನು ಅದು ಅಳೆದಿಲ್ಲ.

ಕತ್ತಲ ಸಂಜೆಯಲ್ಲಿ ಮನೆಮಂದಿ ಒಟ್ಟಿಗೆ ಕೋಣೆ ಕೋಣೆ ಸುತ್ತುವುದರಿಂದ ನೆಮ್ಮದಿ ಸಿಗುತ್ತದೆ ಎನ್ನುವವರ ಮಾತನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಯಾವ ಗಿಡ ಉರಿದರೂ ಗಾಳಿಗೆ ಸೂಕ್ಷ್ಮ ಕಣಗಳು ಸೇರುತ್ತವೆ. ಉಬ್ಬಸದವರು, ಹಸುಗೂಸು ಇರುವ ಮನೆಯಲ್ಲಿ ಕಿಟಕಿ ತೆರೆದಿಡುವುದು, ಇಲ್ಲವೇ ಹೊಗೆಯನ್ನೇ ಬಿಡುವುದು ಲೇಸು. ಯುರೋಪಿನ ಔಷಧ ಸಂಸ್ಥೆ ವೇಲೇರಿಯನ್, ಮೆಲಿಸ್ಸ, ಲ್ಯಾವೆಂಡರ್‌ಗಳನ್ನು ಅಲ್ಪ ಪ್ರಮಾಣದ ಮಾನಸಿಕ ಒತ್ತಡಕ್ಕೂ ನಿದ್ರೆಗೂ ಸಾಂಪ್ರದಾಯಿಕ ಮದ್ದಾಗಿ ಒಪ್ಪಿದೆ. ಅದು ಹೇಳಿರುವ ಬಳಕೆಯ ವಿಧಾನಗಳು ಹೊಟ್ಟೆಗೆ ತೆಗೆದುಕೊಳ್ಳುವುದು ಮತ್ತು ಕೆಲವನ್ನು ಸ್ನಾನದ ನೀರಿಗೆ ಬೆರೆಸುವುದು. ಸುಟ್ಟು ಹೊಗೆ ತೆಗೆದುಕೊಳ್ಳುವುದು ಅವುಗಳಲ್ಲಿ ಸೇರಿಲ್ಲ.