ಆಯ್ಕೆಯ ಅನಂತರದ ಪರೀಕ್ಷೆ

ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಗೆ ಮಾನಸಗಂಗೋತ್ರಿ ಸಮೀಪವಾದುದರಿಂದ, ಆಡಳಿತ ಸೇವೆಯ ಪರೀಕ್ಷೆಗಳಿಗೆ ಓದುವ ತರುಣ ತರುಣಿಯರು ಅಲ್ಲಿ ಬಾಡಿಗೆ ಕೊಠಡಿ ಹಿಡಿದು ನೆಲಸುವುದುಂಟು. ಫಲಿತಾಂಶ ಬಂದ ದಿನ ಸಿಹಿ ಹಂಚುವ ಕುಟುಂಬಗಳು ಅದರ ಬೆನ್ನಿಗೇ ಬರುವ ಮತ್ತೊಂದು ಪರೀಕ್ಷೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಅದು ಅಭ್ಯರ್ಥಿಯ ಗುಣನಡತೆ ಮತ್ತು ಪೂರ್ವಾಪರಗಳ ಪರಿಶೀಲನೆ.

ಈ ಪದ್ಧತಿ ಹೊಸತಲ್ಲ. ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಗುಪ್ತವಾಗಿ ಶೋಧಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಅಲ್ಲಿ ರಾಜನೇ ಬಲೆಯೊಡ್ಡುತ್ತಾನೆ. ಇಂದಿನ ಸರ್ಕಾರ ಬಲೆಯೊಡ್ಡುವುದಿಲ್ಲ. ಪ್ರಶ್ನೆ ಕೇಳಿ, ಉತ್ತರವನ್ನು ದಾಖಲೆಯೊಡನೆ ಹೋಲಿಸುತ್ತದೆ.

ಹೋಲಿಕೆಯಲ್ಲಿ ಒಂದು ವರ್ಷದ ವ್ಯತ್ಯಾಸ ಎಂತಹ ಸಂಕಟ ತರಬಲ್ಲುದೆಂಬುದಕ್ಕೆ 1869ರ ಪ್ರಕರಣ ನಿದರ್ಶನ. ಆ ವರ್ಷ ಲಂಡನ್ನಿನಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಸುರೇಂದ್ರನಾಥ ಬ್ಯಾನರ್ಜಿ ಹಾಗೂ ಶ್ರೀಪಾದ ಬಾಬಾಜಿ ಠಾಕೂರ್ ಇವರ ಹೆಸರುಗಳನ್ನು ವಯಸ್ಸಿನ ಕಾರಣದಿಂದ ಪಟ್ಟಿಯಿಂದ ತೆಗೆಯಲಾಯಿತು. ಬ್ಯಾನರ್ಜಿಯವರು ಜನಿಸಿದ್ದು 1848ರ ನವೆಂಬರ್‌ನಲ್ಲಿ. ಮೆಟ್ರಿಕ್ಯುಲೇಷನ್ ಸಮಯದಲ್ಲಿ ನಮ್ಮ ದೇಶದ ರೂಢಿಯಂತೆ ತುಂಬಿದ ವರ್ಷವನ್ನಲ್ಲದೆ ನಡೆಯುತ್ತಿದ್ದ ವರ್ಷವನ್ನು ಹೇಳಿ 16 ಎಂದು ಬರೆಸಿದ್ದರು. ಆ ಲೆಕ್ಕದಂತೆ 21ರ ಮಿತಿ ಮೀರಿತ್ತು. ಕ್ವೀನ್ಸ್ ಬೆಂಚ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ ಹೆಸರು ಪಟ್ಟಿಗೆ ಮರಳಿತು. 1871ರಲ್ಲಿ ಅವರು ಸಿಲ್ಹೆಟ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಮೋಸವಿರಲಿಲ್ಲ, ಎಣಿಕೆಯ ಕ್ರಮ ಬೇರೆಯಾಗಿತ್ತು, ಅಷ್ಟೆ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈ ದಾರಿಯಿಂದಲೇ ಸಂಸ್ಥಾನದ ಸೇವೆಗೆ ಬಂದರು. 1951ರಲ್ಲಿ ಲೋಕಸೇವಾ ಆಯೋಗ ಸ್ಥಾಪಿತವಾಯಿತು. ಆಯ್ಕೆ ಆಯೋಗದ ಕೆಲಸ, ನೇಮಕ ಸರ್ಕಾರದ ಕೆಲಸ. ಅಂಕಗಳು ಹೇಳಲಾರದ ನಡತೆಯ ವಿಚಾರಣೆ ನೇಮಕದ ಭಾಗ.

ಈ ವಿಚಾರಣೆಗೂ ಮಿತಿಯುಂಟು. ರಾಜಕೀಯ ಚಟುವಟಿಕೆಯ ಪೊಲೀಸ್ ವರದಿಯಿಂದ ಕೆಲಸ ಕಳೆದುಕೊಂಡ ಮಧ್ಯಪ್ರದೇಶದ ಶಿಕ್ಷಕರೊಬ್ಬರ ಪ್ರಕರಣದಲ್ಲಿ, ಅಂತಹ ಕಾರಣ ಸಂವಿಧಾನಕ್ಕೆ ಸಮ್ಮತವಲ್ಲವೆಂದು 1983ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅವತಾರ್ ಸಿಂಗ್ ಪ್ರಕರಣದ 2016ರ ತೀರ್ಪು ಇನ್ನೂ ವಿವರವಾದುದು. ಕೊಡುವ ಮಾಹಿತಿ ಸತ್ಯವಾಗಿರತಕ್ಕದ್ದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೂ ನೇಮಕಾಧಿಕಾರಿ ಕ್ಷಮಿಸಬಹುದು. ನಿರ್ದಿಷ್ಟವಾಗಿ ಕೇಳದ ಸಂಗತಿಯನ್ನು ಹೇಳಲಿಲ್ಲವೆಂದು ದಂಡಿಸಲಾಗದು. ಆದರೆ ಎಲ್ಲವನ್ನೂ ಪ್ರಾಮಾಣಿಕವಾಗಿ ತಿಳಿಸಿದ ಮಾತ್ರಕ್ಕೇ ನೇಮಕ ಹಕ್ಕಾಗುವುದಿಲ್ಲ. ಈ ಕೊನೆಯ ಅಂಶ ಕಹಿಯಾದುದು. ಇದನ್ನೂ ತಿಳಿದೇ ಬರೆಯಬೇಕು.

ಆದುದರಿಂದ ಸಿದ್ಧತೆಯೆಂದರೆ ಕಾಗದಗಳ ಜೋಡಣೆ. ಕೇಂದ್ರ ಸರ್ಕಾರದ ದೃಢೀಕರಣ ನಮೂನೆ ಹಿಂದಿನ ಐದು ವರ್ಷಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ವಾಸಿಸಿದ ಸ್ಥಳಗಳನ್ನು ಕೇಳುತ್ತದೆ. ಕೊಠಡಿ ಬದಲಾಯಿಸುತ್ತ ಓದಿದವರು ವಿಳಾಸ, ಅವಧಿಗಳನ್ನು ಆಗಿಂದಾಗ್ಗೆ ಬರೆದಿಡುವುದು ಲೇಸು. ಹೆಸರಿನ ಇನಿಷಿಯಲ್ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಪದವಿಪತ್ರದಲ್ಲಿ ಇನ್ನೊಂದು ಬಗೆ ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ರಾಜ್ಯ ಸೇವೆಯಲ್ಲಿ ಮೀಸಲಾತಿ ಪಡೆದವರಿಗೆ ಸಿಂಧುತ್ವ ಪ್ರಮಾಣಪತ್ರವೂ ಬೇಕು.

ಬಂಧನ, ಮೊಕದ್ದಮೆ, ಪರೀಕ್ಷೆಯಿಂದ ಡಿಬಾರ್ ಆದದ್ದು ಇವುಗಳ ಕಾಲಂ ಬಂದಾಗಲೇ ಮನೆಯ ಹಿರಿಯರು ತಡವರಿಸುವುದು. ಹಾಸ್ಟೆಲಿನ ಜಗಳ, ಖುಲಾಸೆಯಾದ ಕೇಸು, ಬರೆಯದಿದ್ದರೆ ಯಾರಿಗೆ ಗೊತ್ತಾದೀತು ಎಂಬ ಸಲಹೆ ಪ್ರೀತಿಯಿಂದಲೇ ಹುಟ್ಟುತ್ತದೆ. ಆದರೆ ಕಡತ ಠಾಣೆಯಲ್ಲಿ ಉಳಿದಿರುತ್ತದೆ. ಹಳೆಯ ವರ್ತಕರು ಖಾತೆ ಪುಸ್ತಕದಲ್ಲಿ ತಪ್ಪಿದ್ದನ್ನು ಕೆರೆದು ಅಳಿಸುತ್ತಿರಲಿಲ್ಲ. ಗೆರೆ ಎಳೆದು ಮೇಲೆ ಸರಿಯಾದುದನ್ನು ಬರೆಯುತ್ತಿದ್ದರು. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ನಕಲನ್ನು ಲಗತ್ತಿಸುವುದೇ ಆ ಗೆರೆ.

ನಮೂನೆಯಲ್ಲಿ ಇನ್ನೊಂದು ಷರತ್ತಿದೆ, ಅನೇಕರು ಓದದೆಯೇ ಸಹಿ ಹಾಕುವುದು ಇದಕ್ಕೇ. ಭರ್ತಿ ಮಾಡಿ ಸಲ್ಲಿಸಿದ ಮೇಲೆ ಬಂಧನವೋ ಮೊಕದ್ದಮೆಯೋ ಒದಗಿದರೆ, ಅದನ್ನೂ ಕೂಡಲೇ ಸಂಬಂಧಿಸಿದ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.