ಫಾರ್ಮಿನ ಒಂದೊಂದು ಸಾಲಿಗೂ ಒಂದೊಂದು ಜ್ವರ

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿ, ವೀಸಾ, ಬ್ಯಾಂಕ್ ಸಾಲ, ವಿಮಾನದ ಟಿಕೆಟ್ಟುಗಳ ಓಡಾಟ ನಡೆದಿರುವಾಗಲೇ ಇನ್ನೊಂದು ಫಾರ್ಮು ಬರುತ್ತದೆ. ಎಂ.ಎಂ.ಆರ್. ಲಸಿಕೆಯ ಎರಡು ಡೋಸುಗಳನ್ನು ಯಾವ ತಾರೀಖಿನಂದು ಹಾಕಿಸಿದ್ದೀರಿ? ಮೆನಿಂಜೈಟಿಸ್ ಲಸಿಕೆ ಆಗಿದೆಯೇ? ಕ್ಷಯದ ಪರೀಕ್ಷೆ ಮಾಡಿಸಿದ್ದೀರಾ? ಆರೋಗ್ಯ ವಿಮೆ ಯಾವುದು? ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡದ ಮನೆಯಲ್ಲಿ ಆಗ ಬೀರುವಿನ ತಳ ಶೋಧಿಸಿ ಇಪ್ಪತ್ತೆರಡು ವರ್ಷದ ಹಿಂದಿನ ಲಸಿಕೆ ಕಾರ್ಡನ್ನು ಹುಡುಕುವ ಕೆಲಸ ಶುರುವಾಗುತ್ತದೆ. ಕಾರ್ಡು ಸಿಕ್ಕರೂ ಅದರಲ್ಲಿ ಫಾರ್ಮು ಕೇಳಿದ್ದೆಲ್ಲ ಇರುವುದಿಲ್ಲ. ವಿವರ ತುಂಬದೆ ಹೋದರೆ ಅನೇಕ ವಿಶ್ವವಿದ್ಯಾಲಯಗಳು ತರಗತಿಯ ನೋಂದಣಿಯನ್ನೇ ತಡೆಹಿಡಿಯುತ್ತವೆ.

ಕಚೇರಿಯ ಕಿರಿಕಿರಿಯಂತೆ ಕಾಣುವ ಈ ಫಾರ್ಮಿಗೆ ಸುಮಾರು 160 ವರ್ಷಗಳ ಚರಿತ್ರೆಯಿದೆ. ಯಾರೋ ಒಬ್ಬ ಅಧಿಕಾರಿ ಒಂದೇ ದಿನ ಕೂತು ಬರೆದದ್ದಲ್ಲ ಅದು. ಅದರ ಬಹುತೇಕ ಸಾಲುಗಳು ಯಾವುದೋ ಊರಿನಲ್ಲಿ ವಿದ್ಯಾರ್ಥಿಗಳು ಕಾಯಿಲೆ ಬಿದ್ದ ಮೇಲೆ, ಕೆಲವರು ಸತ್ತ ಮೇಲೆ ಸೇರಿಕೊಂಡಂಥವು.

ಅಂಗಸಾಧನೆಯಿಂದ ಆರಂಭ

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೆ ಅಮೆರಿಕದ ಕಾಲೇಜುಗಳು ವಿದ್ಯಾರ್ಥಿಯ ಬುದ್ಧಿ ಮತ್ತು ನಡತೆಯ ಹೊಣೆ ಹೊತ್ತಿದ್ದವೇ ಹೊರತು ದೇಹದ ಹೊಣೆಯನ್ನಲ್ಲ. ಕಾಯಿಲೆಯಾದರೆ ಹುಡುಗ ಊರಿನ ವೈದ್ಯರ ಬಳಿ ಹೋಗಬೇಕು, ಇಲ್ಲವೇ ಮನೆಗೆ ಮರಳಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಆಮರ್ಸ್ಟ್ ಕಾಲೇಜಿನ ಅಧ್ಯಕ್ಷ ವಿಲಿಯಂ ಸ್ಟರ್ನ್ಸ್ ಅವರಿಗೆ ಇದು ಸರಿಯೆನಿಸಲಿಲ್ಲ. ಓದಿನ ನಡುವೆಯೇ ಹುಡುಗರ ಆರೋಗ್ಯ ಕುಸಿಯುವುದನ್ನು ಅವರು ಕಾಣುತ್ತಿದ್ದರು. 1861ರಲ್ಲಿ ಕಾಲೇಜು ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರನ್ನು ಆರೋಗ್ಯಶಾಸ್ತ್ರ ಮತ್ತು ದೇಹಶಿಕ್ಷಣದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅಂಗಸಾಧನೆ ಎಲ್ಲರಿಗೂ ಕಡ್ಡಾಯವಾಯಿತು. ಹಿಚ್‌ಕಾಕ್ ಪ್ರತಿ ವಿದ್ಯಾರ್ಥಿಯ ಎತ್ತರ, ತೂಕ, ಎದೆಯ ಸುತ್ತಳತೆಯನ್ನು ದಾಖಲಿಸುತ್ತ ಹೋದರು. 1911ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾಲೇಜಿನಲ್ಲೇ ಇದ್ದರು. ಕಾಲೇಜಿನ ಆರೋಗ್ಯ ಸೇವೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ಆದರೆ ಅಂಗಸಾಧನೆಯಿಂದ ಅಂಟುರೋಗ ನಿಲ್ಲುವುದಿಲ್ಲ. ಬೇರೆ ಬೇರೆ ಊರುಗಳಿಂದ ಬಂದ ಯುವಕರು ಒಂದೇ ಕಡೆ ಉಣ್ಣುತ್ತ, ಒಂದೇ ನೀರು ಕುಡಿಯುತ್ತ ಇರುವಲ್ಲಿ ರೋಗ ಹೇಗೆ ಹಬ್ಬುತ್ತದೆ ಎಂಬುದನ್ನು ಕಾಲೇಜುಗಳು ಕಲಿತದ್ದು ಟೈಫಾಯ್ಡ್‌ನಿಂದ.

ಇಥಾಕಾದ ನೀರು

ನ್ಯೂಯಾರ್ಕ್ ರಾಜ್ಯದ ಇಥಾಕಾ ಆಗ ಸುಮಾರು 13,000 ಜನರ ಊರು. ಕಾರ್ನೆಲ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಊರಿಗೆ ನೀರು ಕೊಡುತ್ತಿದ್ದುದು ಒಂದು ಖಾಸಗಿ ಕಂಪನಿ. ಹಳ್ಳದ ನೀರು ಸೋಸದೆ, ಶುದ್ಧಮಾಡದೆ ನಲ್ಲಿಗೆ ಬರುತ್ತಿತ್ತು. ಹಳ್ಳದ ಮೇಲ್ಭಾಗದಲ್ಲಿ ಆಗ ಕಂಪನಿಯ ಅಣೆಕಟ್ಟೆಯ ಕೆಲಸ ನಡೆಯುತ್ತಿತ್ತು. 1903ರ ಜನವರಿಯಲ್ಲಿ ಟೈಫಾಯ್ಡ್ ಕಾಣಿಸಿಕೊಂಡಿತು. ಊರಿನ ಬಾಡಿಗೆ ಮನೆಗಳಲ್ಲಿ, ಊಟ-ವಸತಿ ಗೃಹಗಳಲ್ಲಿ ಇದ್ದ ವಿದ್ಯಾರ್ಥಿಗಳು ಅದೇ ನೀರು ಕುಡಿದಿದ್ದರು. ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯದ ಪುಟ್ಟ ಆಸ್ಪತ್ರೆಯಲ್ಲಿ ಜಾಗ ಸಾಲದಾಯಿತು. ಹೆದರಿದ ನೂರಾರು ವಿದ್ಯಾರ್ಥಿಗಳು ಊರು ಬಿಟ್ಟರು. ಅವರಲ್ಲಿ ಕೆಲವರು ಜ್ವರವನ್ನು ಹೊತ್ತುಕೊಂಡೇ ಮನೆ ಸೇರಿ ಅಲ್ಲಿ ತೀರಿಕೊಂಡರು. ಒಟ್ಟು ಸುಮಾರು 1,350 ಜನ ಕಾಯಿಲೆ ಬಿದ್ದು 82 ಮಂದಿ ಸತ್ತರು. ಸತ್ತವರಲ್ಲಿ 29 ಮಂದಿ ಕಾರ್ನೆಲ್‌ನ ವಿದ್ಯಾರ್ಥಿಗಳು.

ರೋಗವನ್ನು ಹತೋಟಿಗೆ ತರಲು ಬಂದ ನೈರ್ಮಲ್ಯ ತಜ್ಞ ಜಾರ್ಜ್ ಸೋಪರ್. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತನಗೇ ತಿಳಿಯದಂತೆ ಟೈಫಾಯ್ಡ್ ಹರಡುತ್ತಿದ್ದುದನ್ನು 1907ರಲ್ಲಿ ಪತ್ತೆಹಚ್ಚಿದವರೂ ಇವರೇ. ಇಥಾಕಾದಲ್ಲಿ ಅವರು ಬಾವಿ, ಪಾಯಿಖಾನೆಗಳನ್ನು ಒಂದೊಂದಾಗಿ ಪರಿಶೀಲಿಸಿ ಶುಚಿಗೊಳಿಸಿದರು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಯಿಲೆ ಬಿದ್ದ ವಿದ್ಯಾರ್ಥಿಗಳ ಚಿಕಿತ್ಸೆಯ ವೆಚ್ಚವನ್ನೂ, ವಿಶ್ವವಿದ್ಯಾಲಯಕ್ಕೆ ನೀರು ಸೋಸುವ ಘಟಕದ ವೆಚ್ಚವನ್ನೂ ಕೊಟ್ಟರು. ಅಷ್ಟು ದೊಡ್ಡ ದಾನಿ ಸಿಕ್ಕದ್ದು ಅದೃಷ್ಟ. ಮುಂದಿನ ಸಲ ಸಿಗದಿದ್ದರೆ ಏನು ಎಂಬ ಪ್ರಶ್ನೆ ಉಳಿಯಿತು.

ಬರ್ಕ್‌ಲಿಯ ಉತ್ತರ

ಆ ಪ್ರಶ್ನೆಗೆ ಉತ್ತರ ಬಂದದ್ದು ಪಶ್ಚಿಮ ಕರಾವಳಿಯಿಂದ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪಕ್ಕೂ ಬೆಂಕಿಗೂ ತುತ್ತಾಯಿತು. ಕೊಲ್ಲಿಯ ಆಚೆ ದಡದ ಬರ್ಕ್‌ಲಿಗೆ ನಿರಾಶ್ರಿತರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಡಾಕ್ಟರ್ ಜಾರ್ಜ್ ರೈನ್‌ಹಾರ್ಟ್ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ವಿದ್ಯಾರ್ಥಿಗಳೆಲ್ಲರೂ ಸಣ್ಣದೊಂದು ಶುಲ್ಕವನ್ನು ಮುಂಗಡವಾಗಿ ಕೊಡುವುದು, ಕಾಯಿಲೆ ಬಿದ್ದವರು ಆ ಹಣದಲ್ಲೇ ಚಿಕಿತ್ಸೆ ಪಡೆಯುವುದು ಅಲ್ಲಿಯ ಏರ್ಪಾಡು. ನಮ್ಮ ಹಳ್ಳಿಗಳಲ್ಲಿ ಮನೆಗಿಷ್ಟು ಅಂತ ಪಟ್ಟಿ ಎತ್ತುವಂತೆಯೇ ಇದೂ. ಗಟ್ಟಿಮುಟ್ಟಾದವರ ದುಡ್ಡಿನಿಂದ ಜ್ವರ ಬಂದವರ ಆರೈಕೆ ನಡೆಯುತ್ತದೆ. ಅಮೆರಿಕದ ಆರೋಗ್ಯ ವಿಮಾ ಕಂಪನಿಗಳು ಬೆಳೆಯುವುದಕ್ಕೆ ಎಷ್ಟೋ ಮೊದಲೇ ವಿದ್ಯಾರ್ಥಿಗಳು ಹೀಗೆ ಒಬ್ಬರಿಗೊಬ್ಬರು ವಿಮೆಯಾದರು. ಈ ಮಾದರಿ ಬೇರೆ ಕಡೆಗೂ ಹಬ್ಬಿತು. 1920ರಲ್ಲಿ ಇಂಥ ಸೇವೆಗಳ ರಾಷ್ಟ್ರೀಯ ಸಂಘವೂ ಹುಟ್ಟಿತು.

ಬರ್ಕ್‌ಲಿಯಲ್ಲಿ 1930ರ ಹೊತ್ತಿಗೆ ಕವೆಲ್ ಆಸ್ಪತ್ರೆ ಎದ್ದಿತು. ಅದರ ಒಂದು ಕೋಣೆ ಯಾರೂ ಎಣಿಸದ ರೀತಿಯಲ್ಲಿ ಚರಿತ್ರೆಯಲ್ಲಿ ಉಳಿಯಿತು. ಎಡ್ ರಾಬರ್ಟ್ಸ್ ಎಂಬ ಹುಡುಗನಿಗೆ 1953ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಪೋಲಿಯೋ ತಗುಲಿ ಕುತ್ತಿಗೆಯ ಕೆಳಗೆ ದೇಹ ನಿಶ್ಚಲವಾಯಿತು. ಸಾಲ್ಕ್ ಲಸಿಕೆ ಬಂದದ್ದು ಎರಡೇ ವರ್ಷ ತಡವಾಗಿ, 1955ರಲ್ಲಿ. 1962ರಲ್ಲಿ ರಾಬರ್ಟ್ಸ್‌ಗೆ ಬರ್ಕ್‌ಲಿಯಲ್ಲಿ ಪ್ರವೇಶ ಸಿಕ್ಕಿತು. ಆದರೆ ರಾತ್ರಿ ಉಸಿರಾಡಲು ಅವರಿಗೆ ಬೇಕಾಗಿದ್ದ ಕಬ್ಬಿಣದ ಶ್ವಾಸಯಂತ್ರವನ್ನು ಇಡಬಲ್ಲ ಹಾಸ್ಟೆಲ್ ಒಂದೂ ಇರಲಿಲ್ಲ. ವಿದ್ಯಾರ್ಥಿ ಆರೋಗ್ಯ ಸೇವೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಹೆನ್ರಿ ಬ್ರೂಯಿನ್ ಕವೆಲ್ ಆಸ್ಪತ್ರೆಯ ಕೋಣೆಯನ್ನೇ ಅವರಿಗೆ ಹಾಸ್ಟೆಲ್ ಮಾಡಿಕೊಟ್ಟರು. ಬಳಿಕ ಅಂಥದೇ ಸ್ಥಿತಿಯ ಇನ್ನಷ್ಟು ವಿದ್ಯಾರ್ಥಿಗಳು ಅಲ್ಲಿ ಸೇರಿದರು. 1972ರಲ್ಲಿ ಬರ್ಕ್‌ಲಿಯಲ್ಲಿ ಆರಂಭವಾದ ಸ್ವತಂತ್ರ ಬದುಕಿನ ಕೇಂದ್ರಕ್ಕೂ, ಅಂಗವಿಕಲರ ಹಕ್ಕಿನ ಚಳವಳಿಗೂ ಈ ಗುಂಪಿನಿಂದಲೇ ಜನ ಬಂದರು. ವಿದ್ಯಾರ್ಥಿ ಆರೋಗ್ಯ ಸೇವೆ ಎಂದರೆ ಜ್ವರದ ಮಾತ್ರೆ ಕೊಡುವುದಷ್ಟೇ ಅಲ್ಲ, ಓದಲು ಬಂದವರು ಓದುವಂತೆ ಮಾಡುವುದು ಎಂಬ ಅರ್ಥ ಅದಕ್ಕೆ ಬಂದದ್ದು ಹೀಗೆ.

ನಡುವೆ ಬಿಟ್ಟುಹೋದ ಪೀಳಿಗೆ

ಲಸಿಕೆಯ ಪುರಾವೆ ಕೇಳುವ ರೂಢಿ ಬಲವಾದದ್ದು ದಡಾರದಿಂದ. ಉತ್ತರ ಕರ್ನಾಟಕದ ಕಡೆ ಗೊಬ್ಬರ ಎನ್ನುವ ಈ ರೋಗಕ್ಕೆ ಅಮೆರಿಕದಲ್ಲಿ ಲಸಿಕೆ ಬಂದದ್ದು 1963ರಲ್ಲಿ. ಆರಂಭದ ನಾಲ್ಕು ವರ್ಷ ಕೆಲವು ಮಕ್ಕಳಿಗೆ ಹಾಕಿದ ನಿಷ್ಕ್ರಿಯ ಲಸಿಕೆಯ ರಕ್ಷಣೆ ಬಹಳ ಕಾಲ ನಿಲ್ಲಲಿಲ್ಲ. ಮುಂದೆ ರಾಜ್ಯಗಳು ಶಾಲಾ ಮಕ್ಕಳಿಗೆ ಲಸಿಕೆ ಕಡ್ಡಾಯ ಮಾಡಿದವು. ಅದರಿಂದ ರೋಗ ಕಡಿಮೆಯಾಯಿತು. ಈ ಎರಡರ ನಡುವೆ ಬೆಳೆದವರಲ್ಲಿ ಅನೇಕರಿಗೆ ರೋಗವೂ ಬಂದಿರಲಿಲ್ಲ, ಸರಿಯಾದ ಲಸಿಕೆಯೂ ಆಗಿರಲಿಲ್ಲ. 1980ರ ದಶಕದಲ್ಲಿ ಕಾಲೇಜು ಹಾಸ್ಟೆಲುಗಳಲ್ಲಿ ತುಂಬಿದ್ದವರು ಅವರೇ.

1983ರಲ್ಲಿ ಕಾಲೇಜು ಆರೋಗ್ಯ ಸಂಘ ಪ್ರವೇಶಕ್ಕೆ ಮುನ್ನ ಲಸಿಕೆಯ ಪುರಾವೆ ಕೇಳಬೇಕೆಂದು ಶಿಫಾರಸು ಮಾಡಿತು. 1985ರಲ್ಲಿ ಇಲಿನಾಯ್ ರಾಜ್ಯದ ಪ್ರಿನ್ಸಿಪಿಯಾ ಕಾಲೇಜಿನಲ್ಲಿ ದಡಾರ ಹಬ್ಬಿ ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಮೂವರು ಸತ್ತರು. ಧಾರ್ಮಿಕ ನಂಬಿಕೆಯಿಂದ ಔಷಧೋಪಚಾರವನ್ನು ದೂರವಿಡುವ ಕ್ರಿಶ್ಚಿಯನ್ ಸೈನ್ಸ್ ಪಂಥದವರ ಕಾಲೇಜು ಅದು. ಒಂದು ಡೋಸ್ ಎಲ್ಲರಿಗೂ ಸಾಲದು ಎಂಬುದು ಬೇರೆ ಕ್ಯಾಂಪಸ್‌ಗಳಲ್ಲೂ ಸ್ಪಷ್ಟವಾಗಿ, 1989ರಲ್ಲಿ ಎರಡು ಡೋಸ್ ಎಂಬ ಶಿಫಾರಸು ಬಂತು. ಆ ವರ್ಷದಿಂದ 1991ರವರೆಗೆ ಅಮೆರಿಕದಲ್ಲಿ 55,000ಕ್ಕೂ ಹೆಚ್ಚು ಜನರಿಗೆ ದಡಾರ ಬಂದು 120ಕ್ಕೂ ಹೆಚ್ಚು ಮಂದಿ ಸತ್ತರು. ನ್ಯೂಯಾರ್ಕಿನಂಥ ರಾಜ್ಯಗಳು ಕಾಲೇಜಿಗೂ ಕಾನೂನು ತಂದವು. ಫಾರ್ಮಿನಲ್ಲಿ 1957ಕ್ಕೆ ಮುಂಚೆ ಹುಟ್ಟಿದವರಿಗೆ ಎಂ.ಎಂ.ಆರ್. ವಿನಾಯಿತಿ ಎಂದು ಇರುವುದನ್ನು ಕೆಲವರು ಗಮನಿಸಿರಬಹುದು. ಅವರಿಗೆಲ್ಲ ಬಾಲ್ಯದಲ್ಲೇ ದಡಾರ ಬಂದು ಹೋಗಿರುತ್ತದೆ ಎಂಬುದು ಅದರ ಲೆಕ್ಕ.

ಮೆನಿಂಜೈಟಿಸ್‌ನ ಸಾಲು ಬಂದದ್ದು ಇನ್ನೂ ಈಚೆಗೆ. ಮಿದುಳಿನ ಪೊರೆಗೆ ತಗುಲುವ ಈ ಸೋಂಕು ಒಂದೆರಡು ದಿನದಲ್ಲೇ ಪ್ರಾಣ ತೆಗೆಯಬಲ್ಲದು. ಟೆಕ್ಸಾಸ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಅದರಿಂದ ಕಾಲು, ಬೆರಳುಗಳನ್ನು ಕಳೆದುಕೊಂಡ ಮೇಲೆ 2009ರಲ್ಲಿ ಹಾಸ್ಟೆಲ್ ವಾಸಿಗಳಿಗೆ ಲಸಿಕೆ ಕಡ್ಡಾಯವಾಯಿತು. ಹಾಸ್ಟೆಲ್ ಹೊರಗಿದ್ದ ಇನ್ನೊಬ್ಬ ವಿದ್ಯಾರ್ಥಿ ಸತ್ತ ಮೇಲೆ 2011ರಲ್ಲಿ ಕಾನೂನು ಉಳಿದವರಿಗೂ ವಿಸ್ತರಿಸಿತು. 2013ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಹಬ್ಬಿದ ಬಿ ಗುಂಪಿನ ಸೋಂಕಿಗೆ ಅಮೆರಿಕದಲ್ಲಿ ಮಂಜೂರಾದ ಲಸಿಕೆಯೇ ಇರಲಿಲ್ಲ. ಯುರೋಪಿನಲ್ಲಿ ಒಪ್ಪಿಗೆ ಪಡೆದಿದ್ದ ಲಸಿಕೆಯನ್ನು ವಿಶೇಷ ಅನುಮತಿಯ ಮೇಲೆ ತರಿಸಿ ಡಿಸೆಂಬರಿನಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಹಾಕಿದರು.

ಶುಲ್ಕದಿಂದ ವಿಮೆಗೆ

ಚಿಕಿತ್ಸೆಯ ವೆಚ್ಚ ಏರಿದಂತೆ ಬರ್ಕ್‌ಲಿಯ ಹಳೆಯ ಪಟ್ಟಿ ಹಣ ಸಾಲದಾಯಿತು. ಕ್ಯಾಂಪಸ್ಸಿನ ವೈದ್ಯರು ಶೀತ, ಜ್ವರ ನೋಡಬಲ್ಲರು, ಅಪಘಾತದ ಶಸ್ತ್ರಚಿಕಿತ್ಸೆಗೆ ಹೊರಗಿನ ಆಸ್ಪತ್ರೆಯೇ ಬೇಕು. 1988ರಲ್ಲಿ ಮ್ಯಾಸಚೂಸೆಟ್ಸ್ ಎಲ್ಲರಿಗೂ ಆರೋಗ್ಯ ವಿಮೆ ಕೊಡಿಸಲು ಒಂದು ಕಾನೂನು ಮಾಡಿತು. ಮಾಲೀಕರು ನೌಕರರ ವಿಮೆಗೆ ಹಣ ಕೊಡಬೇಕೆಂಬ ಅದರ ಮುಖ್ಯ ಭಾಗ ಜಾರಿಗೇ ಬರಲಿಲ್ಲ. ಕಾಲೇಜು ವಿದ್ಯಾರ್ಥಿಗಳಿಗೆ ವಿಮೆ ಕಡ್ಡಾಯ ಎಂಬ ಭಾಗ ಮಾತ್ರ ಉಳಿಯಿತು. 2010ರ ಕೇಂದ್ರ ಕಾನೂನು ಇಪ್ಪತ್ತಾರು ವಯಸ್ಸಿನವರೆಗೆ ಅಪ್ಪ-ಅಮ್ಮನ ವಿಮೆಯಲ್ಲಿ ಇರಲು ಅವಕಾಶ ಕೊಟ್ಟಿತು. ಅಪ್ಪ-ಅಮ್ಮ ಮುಂಬೈಯಲ್ಲೋ ಧಾರವಾಡದಲ್ಲೋ ಇರುವ ವಿದ್ಯಾರ್ಥಿಗೆ ಅದರಿಂದ ಉಪಯೋಗವಿಲ್ಲ. ಅವರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ವಿಮೆಯನ್ನೇ ಕೊಳ್ಳಬೇಕು, ಇಲ್ಲವೇ ಅದಕ್ಕೆ ಸಮನಾದುದನ್ನು ತೋರಿಸಬೇಕು.

ಎಡತೋಳಿನ ಗುರುತು

ಈ ಫಾರ್ಮು ಒಂದು ದೇಶದ ಕಾಯಿಲೆಗಳ ನೆನಪು. ಅದನ್ನು ತುಂಬುವವರ ದೇಹದಲ್ಲಿರುವುದು ಇನ್ನೊಂದು ದೇಶದ ನೆನಪು. ಭಾರತದಲ್ಲಿ ಹುಟ್ಟಿದ ಬಹುತೇಕರ ಎಡತೋಳಿನಲ್ಲಿ ಬಿ.ಸಿ.ಜಿ. ಗುರುತು ಇರುತ್ತದೆ. ಅಮೆರಿಕ ಆ ಲಸಿಕೆಯನ್ನು ಎಲ್ಲ ಮಕ್ಕಳಿಗೂ ಹಾಕುವ ನೀತಿಯನ್ನು ಎಂದೂ ಒಪ್ಪಲಿಲ್ಲ. ಬಿ.ಸಿ.ಜಿ. ಆದವರಿಗೆ ಚರ್ಮದ ಪರೀಕ್ಷೆಯಲ್ಲಿ ಕ್ಷಯದ ಸೋಂಕು ಇಲ್ಲದಿದ್ದರೂ ಇದೆ ಎಂಬಂತೆ ಕಾಣಬಹುದು. ಆಗ ಎಕ್ಸ್‌ರೇ, ಆತಂಕ, ಓಡಾಟ. ಈಚೆಗೆ ಬಂದ ರಕ್ತ ಪರೀಕ್ಷೆಗೆ ಬಿ.ಸಿ.ಜಿ.ಯಿಂದ ಗೊಂದಲವಾಗುವುದಿಲ್ಲ. ಹಾಗೆಂದು ಗುರುತು ಇದ್ದ ಮಾತ್ರಕ್ಕೆ ಪರೀಕ್ಷೆ ಬೇಡ ಎನ್ನುವಂತಿಲ್ಲ. ಚೆನ್ನೈ ಪಕ್ಕದ ಚೆಂಗಲ್ಪಟ್ಟಿನಲ್ಲಿ ನಡೆದ ದೊಡ್ಡ ಪ್ರಯೋಗವೇ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ತಡೆಯದು ಎಂದು ತೋರಿಸಿತ್ತು.

ಎಂ.ಎಂ.ಆರ್. ಕಥೆಯೂ ಹಾಗೆಯೇ. ಭಾರತದ ಸರ್ಕಾರಿ ಕಾರ್ಯಕ್ರಮ 1985ರಿಂದ ದಡಾರಕ್ಕೆ ಒಂದೇ ಡೋಸ್ ಕೊಡುತ್ತಿತ್ತು. ಎರಡನೆಯದು ಬಂದದ್ದು 2010ರಲ್ಲಿ. ರುಬೆಲ್ಲಾ ಸೇರಿಸಿದ ಲಸಿಕೆಯ ಅಭಿಯಾನ ಆರಂಭವಾದದ್ದು 2017ರ ಫೆಬ್ರವರಿಯಲ್ಲಿ. ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಂಗನಬಾವಿನ ಲಸಿಕೆ ಆ ಸರ್ಕಾರಿ ಪಟ್ಟಿಯಲ್ಲಿ ಇರಲೇ ಇಲ್ಲ. ಹಾಗಾಗಿ 2000ದ ಆಸುಪಾಸಿನಲ್ಲಿ ಹುಟ್ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ ಲಸಿಕೆ ಹಾಕಿಸಿಕೊಂಡವರು ಇಪ್ಪತ್ತು ದಾಟಿದ ಮೇಲೆ, ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಹಾಕಿಸಿಕೊಳ್ಳಬೇಕಾಗುತ್ತದೆ. ಅದು ಅವರ ಮನೆಯವರ ಅಲಕ್ಷ್ಯವಲ್ಲ, ಅವರು ಹುಟ್ಟಿದ ಕಾಲದ ಪಟ್ಟಿ ಇದ್ದದ್ದೇ ಹಾಗೆ.

ನಮ್ಮ ಬಹುತೇಕ ವಿಶ್ವವಿದ್ಯಾಲಯಗಳು ಪ್ರವೇಶದ ವೇಳೆ ಟಿ.ಸಿ., ಅಂಕಪಟ್ಟಿ, ಮೈಗ್ರೇಷನ್ ಸರ್ಟಿಫಿಕೇಟು ಕೇಳುತ್ತವೆ, ಲಸಿಕೆಯ ತಾರೀಖು ಕೇಳುವುದಿಲ್ಲ. ದಿಲ್ಲಿ, ಪುಣೆ, ಚೆನ್ನೈಗಳ ಹಾಸ್ಟೆಲುಗಳಲ್ಲೂ ಹತ್ತಾರು ಊರುಗಳ ಹುಡುಗ ಹುಡುಗಿಯರು ಒಂದೇ ಮೆಸ್ಸಿನಲ್ಲಿ ಉಣ್ಣುತ್ತಾರೆ, ಒಂದೇ ಟ್ಯಾಂಕಿನ ನೀರು ಕುಡಿಯುತ್ತಾರೆ. ಇಥಾಕಾದಲ್ಲಿ 1903ರಲ್ಲಿ ಇದ್ದದ್ದೂ ಅದೇ ಏರ್ಪಾಡು. ಅಲ್ಲಿ ಆ ಪಾಠಕ್ಕೆ 29 ವಿದ್ಯಾರ್ಥಿಗಳ ಜೀವ ಹೋಯಿತು. ಅದನ್ನು ಓದಿ ಕಲಿಯುವುದಕ್ಕೆ ಇನ್ನೊಂದು ಊರಿನ ಮಕ್ಕಳು ಕಾಯಿಲೆ ಬೀಳಬೇಕಾಗಿಲ್ಲ.